ನಾಗಲಿಂಗ ವೃಕ್ಷ

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರಗಳ ಶಿವಾಲಯಗಳಲ್ಲಿ ನಾಗಲಿಂಗಪುಷ್ಪವನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಳ್ಳುವವರಲ್ಲಿ ಬಹುಮಂದಿ ಆ ಮರವು ಪುರಾಣಕಾಲದಿಂದಲೂ ನಮ್ಮ ನೆಲದಲ್ಲಿಯೇ ಬೆಳೆದುಬಂದುದೆಂದು ನಂಬಿರುವರು. ವಾಸ್ತವದಲ್ಲಿ ಅದು ದಕ್ಷಿಣ ಅಮೆರಿಕದ ಮಳೆಕಾಡುಗಳಿಂದ ಬಂದ ಅತಿಥಿಯಾಗಿದ್ದು, ಔಬ್ಲೆ ಎಂಬ ಫ್ರೆಂಚ್ ಸಸ್ಯವಿಜ್ಞಾನಿಯು 1775ರಲ್ಲಿ ಗಯಾನ ಪ್ರಾಂತ್ಯದ ಸಸ್ಯಗಳನ್ನು ವರ್ಣಿಸುವಾಗ ಅದನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದನು. ನಮ್ಮ ಕಾಡುಗಳ ಕೌಲುಮರ ಇದರ ದೂರದ ಬಂಧು.

ಈ ಮರವನ್ನು ಗುರುತಿಸುವುದಕ್ಕೆ ಕೊಂಬೆಗಳತ್ತ ತಲೆಯೆತ್ತಬೇಕಾದುದಿಲ್ಲ. ಕಾಂಡದಿಂದಲೇ ಹೊರಟು ಸಿಕ್ಕುಸಿಕ್ಕಾಗಿ ಜೋಲುವ ಹೂಗೊಂಚಲುಗಳೂ, ಅವುಗಳ ನಡುವೆ ನೇತಾಡುವ ಕಂದುಬಣ್ಣದ ಗುಂಡುಕಾಯಿಗಳೂ ಸಾಕು. ಮರವು ಒಮ್ಮೆಲೇ ಎಲೆಯುದುರಿಸಿ ಬೋಳಾಗಿ, ಕೆಲವೇ ದಿನಗಳಲ್ಲಿ ತಳಿರು ತುಂಬಿ ನಿಲ್ಲುವುದುಂಟು. ಒಣಗಿತೆಂದು ಕಡಿಯಹೊರಟವರು ತುಸು ತಾಳಬೇಕು.

ಹೂವಿನ ಬಾಳು ಒಂದೇ ದಿನ. ಮುಂಜಾನೆ, ಸುವಾಸನೆಯು ಇನ್ನೂ ಗಾಢವಾಗಿರುವಾಗ, ಒಂದನ್ನು ಅಂಗೈಯಲ್ಲಿಟ್ಟು ನೋಡಿದರೆ ಹೊರಮೈಯಲ್ಲಿ ಹಳದಿ ಬೆರೆತು ಒಳಗೆ ಕೆಂಪೇರಿದ ಆರು ದಪ್ಪ ಎಸಳುಗಳೂ, ನಡುವೆ ಜನರು ಲಿಂಗವೆಂದು ಕೈಮುಗಿಯುವ ಅಂಡಾಶಯವೂ, ಅದರ ಸುತ್ತ ವರ್ತುಲಾಕಾರವಾಗಿ ನೆರೆದ ಗಿಡ್ಡ ಕೇಸರಗಳೂ, ಆ ವರ್ತುಲದ ಒಂದು ಪಾರ್ಶ್ವದಿಂದ ಚಾಚಿ ಮೇಲಕ್ಕೆ ಬಾಗಿ ಕವಿದ ಹೆಡೆಯೂ ಸ್ಪಷ್ಟವಾಗಿ ಕಾಣುವುವು. ಹೆಡೆಯ ಒಳಭಾಗದಲ್ಲಿಯೂ ಕೇಸರಗಳಿವೆ. ಹೀಗೇಕೆಂದರೆ, ಈ ಹೂವಿನಲ್ಲಿ ಮಕರಂದವಿಲ್ಲ. ಬಂದ ದುಂಬಿಗೆ ಪರಾಗವೇ ಆತಿಥ್ಯ. ಹೆಡೆಯ ಪರಾಗವು ಫಲ ಕಟ್ಟಲಾರದ, ಬರಿಯ ಉಣಿಸಾದ ಪರಾಗ. ವರ್ತುಲದ ಪರಾಗವೋ ಸಂತಾನಶಕ್ತಿಯುಳ್ಳದ್ದು. ದೊಡ್ಡ ಕರಿದುಂಬಿಯು ಹೆಡೆಗೂ ಅಂಡಾಶಯಕ್ಕೂ ನಡುವಣ ಇಕ್ಕಟ್ಟಿನಲ್ಲಿ ತೂರಿ ಮೊದಲನೆಯದನ್ನು ಸಂಗ್ರಹಿಸುತ್ತಿರುವಾಗ ಎರಡನೆಯದು ಅದರ ಮೈಗಂಟಿ ಮತ್ತೊಂದು ಹೂವನ್ನು ಸೇರುವುದು. ಭಕ್ತರ ಕಣ್ಣಿಗೆ ನಾಗನ ಹೆಡೆಯಾಗಿ ತೋರುವ ಈ ರಚನೆಯು ದುಂಬಿಗಾಗಿ ಸಿದ್ಧವಾದ ಭೋಜನಶಾಲೆಯೆಂದು ತಿಳಿದಮೇಲೆ ನನಗೆ ಹೂವಿನ ಮೇಲಣ ಗೌರವವು ಇಮ್ಮಡಿಯಾಗಿದೆ.

ಕಾಯಿ ಬಲಿಯಲು ವರ್ಷವೇ ಬೇಕು. 20 ಸೆಂಟಿಮೀಟರಿನಷ್ಟು ದಪ್ಪವಾಗಬಲ್ಲ ಅದು ನೆಲಕ್ಕೆ ಬಿದ್ದೊಡೆದಾಗ ತಿರುಳು ಗಾಳಿ ಸೋಕಿ ನೀಲಿಗೂಡುವುದು, ದುರ್ಗಂಧವೂ ಹರಡುವುದು. ತವರಿನ ಕಾಡಿನಲ್ಲಿ ಹಂದಿಯನ್ನು ಹೋಲುವ ಪೆಕರಿಯೆಂಬ ಮೃಗವು ಅದನ್ನು ತಿಂದು, ರೋಮದ ಹೊದಿಕೆಯುಳ್ಳ ಬೀಜಗಳನ್ನು ದೂರದೂರಕ್ಕೆ ಬಿತ್ತುವುದು. ಇಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು: ತಾನಾಗಿ ಬಿದ್ದ ಕಾಯಿಯ ಬೀಜಗಳನ್ನು ತಿರುಳು ಹೋಗುವಂತೆ ತೊಳೆದು, ಒಣಗಗೊಡದೆ ಮರಳು ಬೆರೆಸಿದ ಮಣ್ಣಿನಲ್ಲಿ ಊರಿ, ಸಸಿ ಗಟ್ಟಿಯಾದ ಬಳಿಕ ಮುಂಗಾರಿನ ಮೊದಲಲ್ಲಿ ನೆಟ್ಟು, ಕೆಲವು ಬೇಸಿಗೆ ನೀರೆರೆಯಬೇಕು.

ಆದರೆ ವಿಜಯನಗರದ 30×40 ಅಡಿಯ ನಿವೇಶನದಲ್ಲಾಗಲಿ, ಕಾಲುದಾರಿಯ ಅಂಚಿನಲ್ಲಾಗಲಿ ಈ ವೃಕ್ಷವನ್ನು ನೆಡುವುದು ಸಲ್ಲದು. ಭಾರವಾದ ಕಾಯಿ ತಲೆಯ ಮೇಲೆ ಬಿದ್ದರೆ ಅಪಾಯ. ಕೆಂಗೇರಿಯ ಹಾದಿಯ ಜ್ಞಾನಭಾರತಿಯಂಥ ವಿಶಾಲವಾದ ಆವರಣವೇ ಇದಕ್ಕೆ ತಕ್ಕ ಎಡೆ. ಸಸಿಯನ್ನು ಬೆಳೆಸಿದವರು ಅಂಥ ಸ್ಥಳದ ಅಧಿಕಾರಿಗಳನ್ನು ಕೇಳಿ, ಜನರು ನಡೆದಾಡದ ಕಡೆ ನೆಡಬೇಕೆಂದು ನನ್ನ ಬಿನ್ನಹ.