ಗೆಜ್ಜೆ ಬಿಚ್ಚಿದ ಮೇಲೆ

ಕಲಾವಿದನಿಗೆ ವಿಶ್ರಾಂತಿ ಬೇಕೆ? ಬೇಕಾದರೆ ಅದು ಯಾವ ಕಾಲದಲ್ಲಿ? ಶೀತದೇಶದ ಜನರನ್ನು ಕೇಳಿದರೆ ಚಳಿಗಾಲವೇ ಅದಕ್ಕೆ ತಕ್ಕುದೆನ್ನುವರು. ಹಿಮ ಬಿದ್ದು, ಹೊಲಗೆಲಸ ನಿಂತು, ಹಗಲು ಕುಗ್ಗಿದಾಗ ಅಲ್ಲಿಯ ಕಲಾವಿದನು ಬೆಂಕಿಯ ಬಳಿ ಕುಳಿತು ಮನಸ್ಸನ್ನು ಹದಗೊಳಿಸಿಕೊಳ್ಳುವನು. ವಸಂತವು ಬಂದಾಗ ಹೊಸ ಕೃತಿಯೊಡನೆ ಹೊರಗೆ ಬರುವನು. ಆ ನಾಡಿಗೆ ಈ ಮಾತು ಸರಿಯೇ. ಆದರೆ ಋತುಧರ್ಮವು ಎಲ್ಲೆಡೆಯೂ ಒಂದೇ ಅಲ್ಲ. ಘಟ್ಟವನ್ನಿಳಿದು ಬೆಳ್ತಂಗಡಿ, ಬಂಟವಾಳ, ಮೂಡಬಿದಿರೆಗಳ ಕಡೆಗೆ ಹೋದರೆ ಈ ಲೆಕ್ಕವು ತಿರುಗಿ ನಿಲ್ಲುತ್ತದೆ. ಅಲ್ಲಿಯ ಯಕ್ಷಗಾನ ಕಲಾವಿದನಿಗೆ ಚಳಿಗಾಲವು ದುಡಿಮೆಯ ಕಾಲ; ಬಿಡುವು ಮಳೆಗಾಲಕ್ಕೆ ಸೇರಿದುದು. ಆ ಬಿಡುವಿನ ಬಗೆಯೇನು, ಅದರಿಂದ ಕಲೆಗೆ ದೊರೆಯುವ ಲಾಭವೇನು ಎಂಬುದನ್ನು ಇಂದು ವಿಚಾರಿಸೋಣ.

ಬಯಲುಸೀಮೆಯವರಾದ ನಮಗೆ ಅಲ್ಲಿಯ ಮಳೆಯ ಕಲ್ಪನೆ ಸುಲಭವಾಗಿ ಬರುವುದಿಲ್ಲ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯಾದರೆ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸುಮಾರು 4000 ಮಿಲಿಮೀಟರು. ಅದರಲ್ಲಿ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಬಿಡುತ್ತದೆ. ನೇತ್ರಾವತಿಯ ದಡದಲ್ಲಿರುವ ಬಂಟವಾಳವು 1923ರಲ್ಲಿಯೂ 1974ರಲ್ಲಿಯೂ ಕಂಡ ನೆರೆಗಳು ಪ್ರಸಿದ್ಧವಾದವು. ಯಕ್ಷಗಾನಕ್ಕೆ ಬಯಲಾಟವೆಂದೇ ಇನ್ನೊಂದು ಹೆಸರು. ಕೊಯ್ಲಾದ ಗದ್ದೆಯೇ ಅದರ ರಂಗಭೂಮಿ. ಮಳೆ ಹಿಡಿದೊಡನೆ ಆ ಗದ್ದೆಯು ಉಳುಮೆಗೂ ನಾಟಿಗೂ ಬೇಕಾಗುತ್ತದೆ. ತೇವಕ್ಕೆ ಚೆಂಡೆಯ ಚರ್ಮವು ಸಡಿಲಗೊಂಡು ನಾದವು ಕುಗ್ಗುತ್ತದೆ. ರಾಕ್ಷಸವೇಷದ ಮುಖದಲ್ಲಿ ಅಕ್ಕಿಹಿಟ್ಟು, ಸುಣ್ಣಗಳನ್ನು ಕಲಸಿ ಬಿಂದುಬಿಂದುವಾಗಿ ಇಡುವ ಚುಟ್ಟಿಯು ಬೇಗನೆ ಒಣಗುವುದಿಲ್ಲ. ಹೀಗೆ ಆಟವನ್ನು ನಿಲ್ಲಿಸುವುದು ಮನುಷ್ಯನ ಇಚ್ಛೆಯಲ್ಲ, ಆಕಾಶದ ಆಜ್ಞೆ.

ಈ ಆಜ್ಞೆಗೆ ತುಳುವರು ಒಂದು ದಿನವನ್ನು ಗೊತ್ತುಮಾಡಿರುವರು. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯೇ ಅದು. ಸಾಮಾನ್ಯವಾಗಿ ಮೇ 24ರ ಸುಮಾರಿಗೆ ಬರುತ್ತದೆ. ದೇವಸ್ಥಾನಗಳ ಉತ್ಸವಗಳೂ ದೈವಗಳ ನೇಮಗಳೂ ಅಂದಿಗೆ ಮುಗಿಯುವುವು. ಮೇಳದ ಕಲಾವಿದರು ಕಡೆಯ ಸೇವೆಯನ್ನು ಸಲ್ಲಿಸಿ ಗೆಜ್ಜೆ ಬಿಚ್ಚುವರು. ಕಿರೀಟ, ಭುಜಕೀರ್ತಿಗಳು ಪೆಟ್ಟಿಗೆಯನ್ನು ಸೇರುವುವು. ಊರೂರು ತಿರುಗುವವರು ಮಳೆಗಾಲದಲ್ಲಿ ಒಂದೆಡೆ ನಿಲ್ಲಬೇಕೆಂಬುದು ಈ ದೇಶದ ಹಳೆಯ ನಿಯಮ. ಮೂಡಬಿದಿರೆಯಂತಹ ಜೈನಕ್ಷೇತ್ರಗಳ ಜನರಿಗೆ ಮುನಿಗಳ ಚಾತುರ್ಮಾಸ್ಯವು ಚೆನ್ನಾಗಿ ತಿಳಿದ ವಿಷಯವೇ ಆಗಿದೆ.

ಆದರೆ ಮುನಿಯ ನಿಲುಗಡೆಗೂ ನಟನ ನಿಲುಗಡೆಗೂ ಒಂದು ಭೇದವುಂಟು. ನಟನಿಗೆ ಸಂಸಾರವಿದೆ. ಮೇಳದ ಸಂಬಳವು ತಿರುಗಾಟದ ತಿಂಗಳುಗಳಿಗೆ ಮಾತ್ರ ದೊರೆಯುತ್ತಿದ್ದ ಕಾಲದಲ್ಲಿ, ರಾತ್ರಿ ದೇವೇಂದ್ರನಾಗಿ ಮೆರೆದವನು ಮಳೆಗಾಲದಲ್ಲಿ ಗದ್ದೆಯ ಕೆಸರಿಗೆ ಇಳಿಯಬೇಕಾಗಿತ್ತು. ನಡುವೆ ಬರುವ ಆಟಿ ತಿಂಗಳು ತುಳುನಾಡಿಗೇ ಕೊರತೆಯ ತಿಂಗಳು; ಹಲಸಿನ ಬೀಜ, ಕೆಸುವಿನೆಲೆ, ತಗಟೆಯ ಸೊಪ್ಪುಗಳಿಂದ ದಿನ ನೂಕುವ ಹೊತ್ತು. ಆದುದರಿಂದ ಈ ವಿಶ್ರಾಂತಿಯನ್ನು ಸುಖವೆಂದು ಬಣ್ಣಿಸುವುದು ಸರಿಯಲ್ಲ. ಆದರೂ ಈ ಕೊರತೆಯ ಕಾಲದಲ್ಲಿಯೇ ಕಲೆಯು ತನ್ನ ಬೇರಿಗೆ ನೀರೆರೆದುಕೊಂಡಿತೆಂಬುದು ಗಮನಿಸತಕ್ಕ ಸಂಗತಿ.

ಆ ನೀರು ಯಾವುದೆಂದರೆ ತಾಳಮದ್ದಳೆ. ಇದು ವರ್ಷವೆಲ್ಲವೂ ನಡೆಯಬಹುದಾದರೂ ಮಳೆಗಾಲವೇ ಇದರ ಸುಗ್ಗಿ. ಮನೆಯ ಚಾವಡಿಯಲ್ಲಿಯೋ ದೇವಸ್ಥಾನದ ಪೌಳಿಯಲ್ಲಿಯೋ ಭಾಗವತರು ಪದ ಹಾಡುವರು. ಅರ್ಥಧಾರಿಗಳು ಎದುರುಬದುರಾಗಿ ಕುಳಿತು, ಪಾತ್ರವೇ ತಾವಾಗಿ, ಆ ಪದಕ್ಕೆ ಮಾತು ಬೆಳೆಸುವರು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಎದುರಾಳಿಯು ಏನು ಕೇಳುವನೋ ಮೊದಲೇ ತಿಳಿಯದು. ವಾಲಿವಧೆಯನ್ನೇ ತೆಗೆದುಕೊಳ್ಳೋಣ. ಮರೆಯಲ್ಲಿ ನಿಂತು ಬಾಣ ಬಿಟ್ಟುದು ಯಾವ ಧರ್ಮವೆಂದು ವಾಲಿ ಕೇಳುವನು; ರಾಮನು ಉತ್ತರ ಕೊಡಲೇಬೇಕು. ಬಯಲಾಟದಲ್ಲಿ ಸ್ವಲ್ಪ ಹೊತ್ತಿನಲ್ಲಿ ಮುಗಿಯುವ ಈ ವಾದವು ತಾಳಮದ್ದಳೆಯಲ್ಲಿ ಗಂಟೆಗಟ್ಟಲೆ ಬೆಳೆಯಬಲ್ಲುದು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ದೇರಾಜೆ ಸೀತಾರಾಮಯ್ಯನವರು ಮೊದಲಾದ ಅರ್ಥಧಾರಿಗಳು ಇಂತಹ ಕೂಟಗಳನ್ನು ವಿದ್ವತ್ಸಭೆಯ ಮಟ್ಟಕ್ಕೆ ಏರಿಸಿದರು. ಕಾಲಿಗೆ ವಿಶ್ರಾಂತಿ ಸಿಕ್ಕಿದಾಗ ನಾಲಗೆಗೆ ಅಭ್ಯಾಸ. ಕಿರೀಟವನ್ನು ಇಳಿಸಿದಾಗ ತಲೆಗೆ ಕೆಲಸ. ಪಾತ್ರವೆಂದರೆ ಬಣ್ಣವಲ್ಲ, ಒಂದು ಮನಸ್ಸು ಎಂಬುದನ್ನು ವೇಷಧಾರಿಯು ಇಲ್ಲಿ ಮತ್ತೆ ಕಲಿಯುವನು.

ಭಾಗವತನಿಗೂ ಬಿಡುವಿನ ಪ್ರಯೋಜನವುಂಟು. ಮೂಡಬಿದಿರೆಯ ಬಳಿಯ ಮಾರೂರಿನಲ್ಲಿ ನೆಲಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದುದಲ್ಲದೆ ಅನೇಕ ಪ್ರಸಂಗಗಳನ್ನೂ ರಚಿಸಿದರು. ದೇವೀಮಹಾತ್ಮೆಯ ಕಥೆಯನ್ನು ಐದು ದಿನಗಳ ಪ್ರಸಂಗವಾಗಿ ಹೆಣೆದರು. ಬೆಳಗಾಗುವವರೆಗೆ ಹಾಡಿ ಹಗಲು ನಿದ್ರಿಸುವ ತಿರುಗಾಟದ ನಡುವೆ ಇಂತಹ ಛಂದೋಬದ್ಧ ರಚನೆಗೆ ಸಮಾಧಾನವೆಲ್ಲಿ ದೊರೆತೀತು? ಹಾಡುವುದಕ್ಕೆ ಒಂದು ಕಾಲವಿರುವಂತೆ ಹಾಡನ್ನು ಕಟ್ಟುವುದಕ್ಕೂ ಒಂದು ಕಾಲವು ಬೇಕು.

ದೀಪಾವಳಿಯು ಕಳೆದು ಆಕಾಶವು ತಿಳಿಯಾದ ಮೇಲೆ ಧರ್ಮಸ್ಥಳ ಮೊದಲಾದ ಮೇಳಗಳು ಮತ್ತೆ ಗೆಜ್ಜೆ ಕಟ್ಟುವುವು. ಹೇಮಂತದ ಇರುಳಿನ ನಿಶ್ಶಬ್ದದಲ್ಲಿ ಚೆಂಡೆಯ ಪೆಟ್ಟು ಬಹುದೂರಕ್ಕೆ ಕೇಳಿಸುವುದು. ಮಂಜು ಬೀಳುವ ಗದ್ದೆಯಲ್ಲಿ ಕಂಬಳಿ ಹೊದ್ದು ಕುಳಿತ ಪ್ರೇಕ್ಷಕನು, ಹಳೆಯ ವಾಲಿಯ ಬಾಯಲ್ಲಿ ಹಿಂದೆಂದೂ ಕೇಳದ ಒಂದು ಪ್ರಶ್ನೆಯನ್ನು ಕೇಳಿ ಬೆರಗಾಗುವನು. ಆ ಪ್ರಶ್ನೆಯು ಹುಟ್ಟಿದುದು ಆಟಿಯ ಮಳೆಯಲ್ಲಿ, ಯಾರದೋ ಚಾವಡಿಯಲ್ಲಿ.

ಈಚೆಗೆ ಈ ಕ್ರಮವು ಸಡಿಲವಾಗುತ್ತಿದೆ. ನಗರಗಳ ಸಭಾಭವನಗಳಲ್ಲಿ ಮಳೆಗಾಲದಲ್ಲಿಯೂ ಆಟಗಳು ನಡೆಯುತ್ತವೆ. ಕೆಲವೇ ಕಲಾವಿದರು ಸೇರಿದ ಚಿಕ್ಕಮೇಳಗಳು ಸಂಜೆಯ ಹೊತ್ತು ಮನೆಮನೆಗೆ ಹೋಗಿ ಸ್ವಲ್ಪ ಹೊತ್ತಿನ ಆಟವನ್ನು ತೋರಿಸುತ್ತವೆ. ಇದನ್ನು ನಿಂದಿಸುವ ಹಕ್ಕು ನಮಗಿಲ್ಲ. ಹಸಿವು ಪಂಚಾಂಗವನ್ನು ನೋಡುವುದಿಲ್ಲ. ಆದರೆ ವರ್ಷದ ಹನ್ನೆರಡು ತಿಂಗಳೂ ಬೇಸಾಯ ಮಾಡಿದ ನೆಲದಂತೆ, ಬಿಡುವೇ ಇಲ್ಲದ ಕಲೆಯೂ ಸಾರವನ್ನು ಕಳೆದುಕೊಳ್ಳಬಹುದು. ರಸಿಕರಾದವರು ಚಳಿಗಾಲದ ಆಟಕ್ಕೆ ಕೊಡುವ ಆದರವನ್ನೂ ಕಾಣಿಕೆಯನ್ನೂ ಮಳೆಗಾಲದ ತಾಳಮದ್ದಳೆಗೂ ಕೊಟ್ಟರೆ, ಕಲಾವಿದನಿಗೆ ಅನ್ನವೂ ಉಂಟು, ಬಿಡುವೂ ಉಂಟು. ಬಿಚ್ಚಿಟ್ಟ ಗೆಜ್ಜೆಗೆ ನಾವು ಸಲ್ಲಿಸಬೇಕಾದ ಗೌರವವೂ ಇದೇ ಆಗಿದೆ.