ಮೊಟ್ಟೆ ಹೊತ್ತ ಹಾವಿಗೆ ಬೇಕಾದ ಮರೆ

ಒಂಟಿಯಾಗಿ ಸಾಕಿದ ಹೆಣ್ಣು ಹಾವಿಗೆ ಮೊಟ್ಟೆ, ಮರಿಗಳ ತಾಪತ್ರಯವಿಲ್ಲ ಎಂದುಕೊಳ್ಳುವವರು ಬಹಳ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 2020ರ ಜುಲೈ ತಿಂಗಳಲ್ಲಿ 60 ವರ್ಷ ದಾಟಿದ ಬಾಲ್ ಪೈಥಾನ್ ಒಂದು 7 ಮೊಟ್ಟೆ ಇಟ್ಟಿತು. ಅದು ಗಂಡು ಹಾವಿನ ಹತ್ತಿರ ಸುಳಿದು 15 ವರ್ಷಕ್ಕೂ ಹೆಚ್ಚಾಗಿತ್ತು. ಹೆಣ್ಣು ಹಾವು ವೀರ್ಯವನ್ನು ಬಹುಕಾಲ ಒಡಲಲ್ಲಿ ಕಾಪಿಟ್ಟುಕೊಳ್ಳಬಲ್ಲದು. ಅಪರೂಪಕ್ಕೆ ಗಂಡಿನ ನೆರವೇ ಇಲ್ಲದೆ ಮರಿ ಮಾಡುವುದೂ ಉಂಟು. ಇವೆರಡೂ ಆಗದಿದ್ದರೂ ಗೊಡ್ಡು ಮೊಟ್ಟೆ ಇಡಬಹುದು. ಹಾಗಾಗಿ ಹೆಣ್ಣು ಹಾವನ್ನು ಸಾಕುವವರು ಮೊಟ್ಟೆಯ ಕಾಲಕ್ಕೆ ಮೊದಲೇ ಸಿದ್ಧರಿರಬೇಕು.

ನಮ್ಮ ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿಗೂ ಸರ್ಕಾರದ ನೋಂದಣಿ ಬೇಕು. ಇಲ್ಲಿ ಹೆಚ್ಚಾಗಿ ಹೇಳುವುದು ಆ ಬಾಲ್ ಪೈಥಾನ್‌ ಬಗ್ಗೆಯೇ.

ಮೊಟ್ಟೆಯ ಕೆಲಸ ಶುರುವಾಗುವುದು ಯಕೃತ್ತಿನಲ್ಲಿ. ಮೈಯೊಳಗೆ ಉದ್ದಕ್ಕೂ ಶೇಖರವಾದ ಕೊಬ್ಬೇ ಅದರ ಬಂಡವಾಳ. ಈಸ್ಟ್ರೋಜೆನ್ ಏರಿದಾಗ ಯಕೃತ್ತು ಮೊಟ್ಟೆಯ ಹಳದಿಗೆ ಬೇಕಾದ ಪ್ರೊಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಅಂಡಾಶಯದ ಕೋಶಗಳು ಅದನ್ನು ಹೀರಿಕೊಂಡು ದಪ್ಪಗಾಗುತ್ತವೆ. ಅಂಡ ಬಿಡುಗಡೆಯಾಗುವ ದಿನ ಬಾಲ್ ಪೈಥಾನ್‌ನ ನಡುಮೈ ದೊಡ್ಡ ಇಲಿ ನುಂಗಿದ ಹಾಗೆ ಉಬ್ಬಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಎರಡು ಮೂರು ವಾರ ಕಳೆದು ಪೊರೆ ಬಿಡುತ್ತದೆ. ಆ ಪೊರೆ ಬಿಟ್ಟ ದಿನವನ್ನು ತಪ್ಪದೆ ಬರೆದಿಟ್ಟುಕೊಳ್ಳಿ. ಅಲ್ಲಿಂದ ಸುಮಾರು ಒಂದು ತಿಂಗಳಿಗೆ ಮೊಟ್ಟೆ.

ಈ ಲೆಕ್ಕವನ್ನು ಏರುಪೇರು ಮಾಡುವುದು ಒತ್ತಡ. ಹಾವು ಬೆದರಿದಾಗ ಅದರ ಅಡ್ರಿನಲ್ ಗ್ರಂಥಿ ಕಾರ್ಟಿಕೊಸ್ಟಿರಾನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಗಳಿಗೆಯ ಮಟ್ಟಿಗೆ ಅದು ಒಳ್ಳೆಯದೇ, ಓಡಲು ಕಸುವು ಕೊಡುತ್ತದೆ. ಮೊಟ್ಟೆ ಹೊತ್ತ ಕಾಲದಲ್ಲೂ ಅದು ಕೊಂಚ ಏರಬಹುದು, ಮೈಯ ಶೇಖರವನ್ನು ಕರಗಿಸಿ ಬಳಸಲು ಅದು ಬೇಕು. ಕೇಡಾಗುವುದು ಏರಿದ್ದು ಇಳಿಯದೇ ಉಳಿದಾಗ. ಆಗ ಸಂತಾನದ ಹಾರ್ಮೋನುಗಳು ಕುಗ್ಗುತ್ತವೆ. ಅರೆಬೆಳೆದ ಕೋಶಗಳನ್ನು ಮೈ ಮರಳಿ ಹೀರಿಕೊಂಡರೆ ಬಚಾವು. ಹೀರಿಕೊಳ್ಳದೆ ಅಲ್ಲೇ ನಿಂತರೆ ಸೋಂಕು ತಗಲುವ ಅಪಾಯವಿದೆ.

ಕಾಡಿನ ಹಾವು ಬೆದರಿದರೆ ಬಿಲ ಸೇರುತ್ತದೆ. ನಾಲ್ಕೂ ಕಡೆ ಗಾಜಿರುವ ಪೆಟ್ಟಿಗೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ನೆಲದ ಕಂಪನವನ್ನು ದವಡೆಯಿಂದ ಗ್ರಹಿಸುವ ಪ್ರಾಣಿಗೆ ಓಡಾಟದ ಕೋಣೆಯಲ್ಲಿ, ಸ್ಪೀಕರ್ ಪಕ್ಕದಲ್ಲಿ ನೆಮ್ಮದಿ ಎಲ್ಲಿಂದ ಬರಬೇಕು? ಬಂದವರಿಗೆಲ್ಲ ಎತ್ತಿ ತೋರಿಸುವುದು ನನಗೆ ಎಲ್ಲಕ್ಕಿಂತ ನೋವಿನ ಸಂಗತಿ. ಹಾವು ಕೂಗುವುದಿಲ್ಲ, ಆದ್ದರಿಂದ ನಾವೇ ಹತ್ತಿರದಿಂದ ನೋಡಬೇಕು. ಮೊಟ್ಟೆ ಹೊತ್ತ ಹಾವು ಊಟ ಬಿಡುವುದು, ಬೆಚ್ಚಗಿನ ಕಡೆ ಹೊಟ್ಟೆ ಮೇಲಾಗಿ ಮಲಗುವುದು ಸಹಜ. ರಾತ್ರಿಯಿಡೀ ಗಾಜಿನ ಅಂಚಿಗೆ ಮೂತಿ ತಿಕ್ಕುತ್ತಾ ತಿರುಗುವುದು ಸಹಜವಲ್ಲ. ಮೂತಿಯ ತುದಿಯ ಹುರುಪೆ ಸವೆದು ಕೆಂಪಗಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡಿದರೆ ತಿಳಿಯುತ್ತದೆ.

ಮೊಟ್ಟೆ ಇಡಲು ತಕ್ಕ ಜಾಗ ಸಿಗದಿದ್ದರೆ ಹಾವು ಮೊಟ್ಟೆಯನ್ನು ಒಳಗೇ ತಡೆಹಿಡಿಯುತ್ತದೆ. ಬೊಜ್ಜು, ಓಡಾಟವಿಲ್ಲದೆ ಸೋತ ಸ್ನಾಯು, ನೀರಿನ ಕೊರತೆ, ಸಾಲದ ಬಿಸಿ ಇವು ಸೇರಿದರೆ ಮೊಟ್ಟೆ ಕಟ್ಟಿಕೊಳ್ಳುತ್ತದೆ. ಕೆಲವು ಮೊಟ್ಟೆ ಹೊರಬಂದು, ಬಾಲದ ಕಡೆ ಇನ್ನೂ ಗಂಟು ಕಾಣುತ್ತಿದ್ದು, ಹಾವು ಮುಕ್ಕಿ ಮುಕ್ಕಿ ಸುಸ್ತಾಗಿದ್ದರೆ ಹಾವುಗಳನ್ನು ಬಲ್ಲ ಪಶುವೈದ್ಯರ ಬಳಿ ಕೂಡಲೇ ಒಯ್ಯಿರಿ. ಎರಡು ದಿನ ಕಳೆದರೆ ಔಷಧಿಗೆ ಬಗ್ಗುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ಕೈಯಿಂದ ಒತ್ತಿ ನೂಕಲೇಬೇಡಿ. ಅಂಡನಾಳದ ಗೋಡೆ ತೆಳು, ಮೊಟ್ಟೆಗೆ ಅಂಟಿಕೊಂಡಿದ್ದರೆ ಹರಿಯುತ್ತದೆ ಅಥವಾ ಹೊರಗೆ ಜಾರುತ್ತದೆ. ವೈದ್ಯರು ಎಕ್ಸ್‌ರೇ ನೋಡಿ, ಮೊದಲು ಬಿಸಿ, ನೀರು, ವಿಶ್ರಾಂತಿ ಕೊಡುತ್ತಾರೆ. ಆಮೆಗಳಲ್ಲಿ ಚೆನ್ನಾಗಿ ಕೆಲಸ ಮಾಡುವ ಆಕ್ಸಿಟೋಸಿನ್ ಚುಚ್ಚುಮದ್ದು ಹಾವುಗಳಲ್ಲಿ ಅಷ್ಟಾಗಿ ನಾಟುವುದಿಲ್ಲ. ಉಳಿದ ದಾರಿ, ಸೂಜಿಯಿಂದ ಮೊಟ್ಟೆಯ ಒಳಗಿನದನ್ನು ಹೀರಿ ಕುಗ್ಗಿಸುವುದು ಅಥವಾ ಶಸ್ತ್ರಚಿಕಿತ್ಸೆ.

ಅಷ್ಟು ದೂರ ಹೋಗದಂತೆ ಮಾಡಲು ಬೇಕಾದದ್ದು ಅಗ್ಗದ ಸಾಮಾನು. ಬೆಳಕು ತೂರದ ಪ್ಲಾಸ್ಟಿಕ್ ಡಬ್ಬಿ ತಂದು, ಹಾವು ನುಗ್ಗುವಷ್ಟು ತೂತು ಕೊರೆದು, ಅಂಚನ್ನು ಮರಳುಕಾಗದದಿಂದ ನುಣುಪು ಮಾಡಿ. ಒಳಗೆ ತೆಂಗಿನ ನಾರಿನ ಪುಡಿ ತುಂಬಿ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಹನಿಯಬಾರದು. ಡಬ್ಬಿ ದೊಡ್ಡದಿರುವುದು ಬೇಡ, ಸುರುಳಿ ಸುತ್ತಿದ ಮೈಗೆ ಗೋಡೆ ತಾಗಬೇಕು. ಆ ಸ್ಪರ್ಶದಲ್ಲೇ ಹಾವಿಗೆ ಧೈರ್ಯ. ಪೆಟ್ಟಿಗೆಯ ಒಂದು ತುದಿ 31–32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 26ರ ಹತ್ತಿರ ಇರಲಿ, ಥರ್ಮೋಸ್ಟಾಟ್ ಇಲ್ಲದ ಹೀಟರ್ ಬೇಡವೇ ಬೇಡ. ಜೊತೆಗೆ ಗಂಡಿದ್ದರೆ ಬೇರೆ ಮಾಡಿ. ಆಮೇಲೆ ನೀರು ಬದಲಿಸುವುದಕ್ಕಷ್ಟೇ ಕೈ ಹಾಕಿ.

ಇದೇ ಮಾತು ನಮ್ಮೂರುಗಳ ಉರಗ ರಕ್ಷಕರಿಗೂ ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಹಿಡಿದ ನಾಗರವೋ ಕೇರೆಯೋ ಚೀಲದಲ್ಲೇ ಮೊಟ್ಟೆ ಇಡುವುದುಂಟು. ಕೊಳಕುಮಂಡಲವಾದರೆ ಮರಿಗಳನ್ನೇ ಹಾಕುತ್ತದೆ. ಹೊಟ್ಟೆ ತುಂಬಿದ ಹೆಣ್ಣನ್ನು ಪ್ರದರ್ಶನಕ್ಕೆಂದು ಇಟ್ಟುಕೊಳ್ಳದೆ, ಅರಣ್ಯ ಇಲಾಖೆಗೆ ತಿಳಿಸಿ ಸಿಕ್ಕ ಜಾಗದ ಆಸುಪಾಸಿನಲ್ಲೇ ಬೇಗ ಬಿಡಬೇಕು. ಚೀಲದಲ್ಲಿ ಮೊಟ್ಟೆ ಇಟ್ಟುಬಿಟ್ಟಿದ್ದರೆ ಪ್ರತಿ ಮೊಟ್ಟೆಯ ಮೇಲ್ಮುಖಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಅದೇ ಮುಖ ಮೇಲಿರುವಂತೆ ಸಾಗಿಸಿ. ಒಂದು ದಿನದೊಳಗೆ ಭ್ರೂಣ ಮೇಲ್ಗಡೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಮಗುಚಿದರೆ ಸಾಯಬಹುದು.