ರಸ್ತೆ ಮುಚ್ಚಿದ ದಿನ

ಕುಳಗಿಯಂಥ ಊರಿನವರಿಗೆ ರಸ್ತೆ ಮುಚ್ಚುವುದೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ದಾಂಡೇಲಿಯಿಂದ ಅಂಬಿಕಾನಗರದ ಕಡೆಗೆ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಕಾಡಿನ ನಡುವೆ ಇರುವ ಊರು ಅದು. ಮಳೆಗಾಲದಲ್ಲಿ ದಾರಿಗೆ ಒಂದು ಮರ ಉರುಳಿದರೆ ಸಾಕು, ಬಸ್ಸು ಅಲ್ಲೇ ನಿಲ್ಲುತ್ತದೆ. ಮರ ಕಡಿದು ಸರಿಸುವವರೆಗೆ ಕಾಯಬೇಕು, ಇಲ್ಲವೇ ಆಚೆ ಬದಿಗೆ ನಡೆದು ಹೋಗಿ ಬೇರೆ ವಾಹನ ಹಿಡಿಯಬೇಕು. ಮಳೆ ಹಿಡಿಯುವ ಮುನ್ನವೇ ಮನೆಗೆ ಬೇಕಾದ ದಿನಸಿಯನ್ನೂ ಹಿರಿಯರ ಔಷಧಿಯನ್ನೂ ತಂದಿಟ್ಟುಕೊಳ್ಳುವುದು ಕಾಡಂಚಿನ ಗೃಹಿಣಿಯರಿಗೆ ಅಭ್ಯಾಸವಾಗಿ ಹೋಗಿರುತ್ತದೆ.

ಆದರೆ ದೊಡ್ಡ ನಗರಕ್ಕೆ ಹೊರಟಾಗ ಈ ಎಚ್ಚರವನ್ನು ನಾವು ಮನೆಯಲ್ಲೇ ಬಿಟ್ಟು ಹೋಗುತ್ತೇವೆ. ಅಲ್ಲಿ ನೂರು ರಸ್ತೆಗಳಿವೆ, ಒಂದಲ್ಲ ಒಂದು ತೆರೆದಿರುತ್ತದೆ ಎಂಬ ಭರವಸೆ. ದಸರಾ ರಜೆಯಲ್ಲಿ ನೀವು ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ಮೈಸೂರಿಗೆ ಹೋದಿರಿ ಎಂದಿಟ್ಟುಕೊಳ್ಳಿ. ವಿಜಯದಶಮಿಯ ಮಧ್ಯಾಹ್ನ ರೈಲು ಇಳಿದಿದ್ದೀರಿ. ನೆಂಟರ ಮನೆ ಇರುವುದು ಉದಯಗಿರಿಯಲ್ಲಿ. ಕೈಯಲ್ಲಿ ಎರಡು ಬ್ಯಾಗು, ಕಂಕುಳಲ್ಲಿ ಮಗು. ಮೊದಲ ಆಟೋದವರು ತಲೆಯಾಡಿಸುತ್ತಾರೆ. ಎರಡನೆಯವರು, “ಈಗ ಆ ಕಡೆ ದಾಟೋಕೆ ಆಗಲ್ಲಮ್ಮ, ರಾತ್ರಿ ಆಗುತ್ತೆ” ಎನ್ನುತ್ತಾರೆ. ಅತ್ತೆ ಊಟವಾದ ಮೇಲೆ ನುಂಗಬೇಕಾದ ಸಕ್ಕರೆ ಕಾಯಿಲೆಯ ಮಾತ್ರೆ ಚೀಲದಲ್ಲಿದೆ, ಊಟ ಮಾತ್ರ ಉದಯಗಿರಿಯಲ್ಲಿದೆ. ಈಗೇನು ಮಾಡುತ್ತೀರಿ?

ಗೆರೆಯ ಯಾವ ಬದಿಯಲ್ಲಿದ್ದೀರಿ?

ಮೈಸೂರಿನ ಜಂಬೂಸವಾರಿ ಅರಮನೆಯಿಂದ ಹೊರಟು ಕೆ.ಆರ್. ವೃತ್ತ, ಸಯ್ಯಾಜಿ ರಾವ್ ರಸ್ತೆ, ಆಯುರ್ವೇದ ಕಾಲೇಜು ವೃತ್ತ, ಬಂಬೂ ಬಜಾರ್ ದಾಟಿ ಬನ್ನಿಮಂಟಪ ತಲುಪುತ್ತದೆ. ಸುಮಾರು 5 ಕಿಲೋಮೀಟರ್ ದಾರಿ. ಕೊರೊನಾ ಕಾಲದ 2020 ಮತ್ತು 2021ರಲ್ಲಿ ಮಾತ್ರ ಮೆರವಣಿಗೆ ಅರಮನೆಯ ಆವರಣದಲ್ಲೇ ಮುಗಿಯಿತು.

ಈ ದಾರಿಯನ್ನು ಒಂದು ಕಾಗದದ ಮೇಲೆ ಗೆರೆಯಾಗಿ ಎಳೆದು ನೋಡಿ. ಆ ಗೆರೆ ಊರನ್ನು ಎರಡು ಭಾಗ ಮಾಡುತ್ತದೆ. ಪಶ್ಚಿಮಕ್ಕೆ ರೈಲು ನಿಲ್ದಾಣ, ದೇವರಾಜ ಮಾರುಕಟ್ಟೆ, ಕೆ.ಆರ್. ಆಸ್ಪತ್ರೆ, ಅದರ ಪಕ್ಕದಲ್ಲೇ ಹೆರಿಗೆ ಮತ್ತು ಮಕ್ಕಳ ಚಿಕಿತ್ಸೆಗೆ ಹೆಸರಾದ ಚೆಲುವಾಂಬ ಆಸ್ಪತ್ರೆ. ಪೂರ್ವಕ್ಕೆ ದೂರದೂರಿನ ಬಸ್ಸುಗಳು ಬರುವ ಗ್ರಾಮಾಂತರ ಬಸ್ ನಿಲ್ದಾಣ, ಮಂಡಿ ಮೊಹಲ್ಲಾ, ಅಶೋಕ ರಸ್ತೆ, ಅದರಾಚೆ ಉದಯಗಿರಿ, ರಾಜೀವನಗರ. ಸಾಮಾನ್ಯ ದಿನಗಳಲ್ಲಿ ಹತ್ತು ಹದಿನೈದು ನಿಮಿಷದಲ್ಲಿ ದಾಟುವ ಈ ಗೆರೆ ಆ ಒಂದು ದಿನ ಕೆಲವು ಗಂಟೆಗಳ ಕಾಲ ಗೋಡೆಯಾಗುತ್ತದೆ. ಮಧ್ಯಾಹ್ನ ಸ್ತಬ್ಧಚಿತ್ರಗಳು ಹೊರಡುವುದಕ್ಕೂ ಮುಂಚೆಯೇ ದಾರಿಯ ಎರಡೂ ಬದಿ ಜನ ತುಂಬಿರುತ್ತಾರೆ.

ಆದ್ದರಿಂದ ನೀವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ “ಯಾವ ರಸ್ತೆ ತೆರೆದಿದೆ” ಎಂಬುದಲ್ಲ. “ನಾನು ಗೆರೆಯ ಯಾವ ಬದಿಯಲ್ಲಿದ್ದೇನೆ, ಇವತ್ತು ನನಗೆ ಬೇಕಾದದ್ದು ಯಾವ ಬದಿಯಲ್ಲಿದೆ?” ಎಂಬುದು. ಎರಡೂ ಒಂದೇ ಬದಿಯಲ್ಲಿದ್ದರೆ ಚಿಂತೆಯಿಲ್ಲ. ಬೇರೆ ಬೇರೆ ಬದಿಯಲ್ಲಿದ್ದರೆ ಮುಂಜಾನೆಯೇ ದಾಟಿಬಿಡಿ, ಅಥವಾ ಹಿಂದಿನ ದಿನವೇ ತಲುಪುವಂತೆ ಟಿಕೆಟ್ ಮಾಡಿಸಿ. ದಾಟಲೇಬೇಕಾಗಿ ಬಂದರೆ ಗುಂಪನ್ನು ಸೀಳಿಕೊಂಡು ಹೋಗುವ ಯೋಚನೆ ಬಿಟ್ಟು ಸುತ್ತಿಕೊಂಡು ಹೋಗಿ. ಮೈಸೂರಿಗೆ ಹೊರವರ್ತುಲ ರಸ್ತೆಯಿದೆ. ಖರ್ಚು ಹೆಚ್ಚು, ದೂರ ಹೆಚ್ಚು, ಆದರೆ ಮಗುವಿನೊಂದಿಗೆ ನೂಕುನುಗ್ಗಲಿನಲ್ಲಿ ನಿಲ್ಲುವುದಕ್ಕಿಂತ ಅದು ಎಷ್ಟೋ ಮೇಲು. ನಗರ ಬಸ್ ನಿಲ್ದಾಣ ಇರುವುದು ಕೆ.ಆರ್. ವೃತ್ತದ ಹತ್ತಿರ. ಮೆರವಣಿಗೆ ಅದರ ಬಳಿಯಿಂದಲೇ ಸಾಗುವುದರಿಂದ ಆ ಹೊತ್ತಿಗೆ ಅಲ್ಲಿ ಎಂದಿನಂತೆ ಬಸ್ಸು ಸಿಗುತ್ತದೆಂದು ನಂಬಿ ಕೂರಬೇಡಿ.

ಎಲ್ಲ ಸಂಭ್ರಮವೂ ಒಂದೇ ಬಗೆಯದಲ್ಲ

ನಮ್ಮ ಜಿಲ್ಲೆಯ ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುತ್ತದೆ. 2024ರಲ್ಲಿ ಅದು ಮಾರ್ಚ್ ತಿಂಗಳಲ್ಲಿ ನಡೆದಿತ್ತು. ಅಲ್ಲಿ ರಥೋತ್ಸವದ ಒಂದು ದಿನ ಬಿಟ್ಟರೆ ಉಳಿದ ದಿನಗಳಲ್ಲಿ ಜಾತ್ರೆ ಪೇಟೆಯ ನಡುವಿನ ಬಿಡಕಿಬೈಲಿನ ಸುತ್ತ ನೆಲೆ ನಿಲ್ಲುತ್ತದೆ. ವಾರದುದ್ದಕ್ಕೂ ಇರುವುದರಿಂದ ದಿನವನ್ನೂ ಹೊತ್ತನ್ನೂ ಆರಿಸಿಕೊಳ್ಳುವ ಸ್ವಾತಂತ್ರ್ಯ ನಿಮಗಿದೆ. ಪೇಟೆಯಲ್ಲಿ ಕೆಲಸವಿದ್ದರೆ ಬೆಳಿಗ್ಗೆ ಬೇಗ ಮುಗಿಸಿಕೊಳ್ಳಿ, ವಾಹನವನ್ನು ಊರ ಹೊರಗೇ ನಿಲ್ಲಿಸಿ ನಡೆದು ಹೋಗಿ.

ಜಂಬೂಸವಾರಿ ಹಾಗಲ್ಲ, ಅದು ಒಂದೇ ಸಂಜೆಯದು, ಉದ್ದಕ್ಕೂ ಹರಿಯುವಂಥದು. ಮೂರನೆಯ ಬಗೆ ಇನ್ನೊಂದಿದೆ, ಅತ್ಯಂತ ಅಪಾಯದ್ದು: ಎಲ್ಲರೂ ಒಂದೇ ಬಾಗಿಲಿಗೆ ಬರುವ ಸಂಭ್ರಮ. ಅದರ ಕಹಿ ನೆನಪು ಕರ್ನಾಟಕಕ್ಕಿದೆ. 2025ರ ಜೂನ್ 3ರಂದು ಬೆಂಗಳೂರಿನ ಕ್ರಿಕೆಟ್ ತಂಡ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವವಿದೆಯೆಂದು ತಿಳಿದು, ಸುಮಾರು 35 ಸಾವಿರ ಮಂದಿ ಹಿಡಿಸುವ ಜಾಗಕ್ಕೆ ಲಕ್ಷಗಟ್ಟಲೆ ಜನ ಹರಿದು ಬಂದರು. ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತವಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಎಳೆಯ ವಯಸ್ಸಿನವರು. ಆ ಸಂಜೆ ಹತ್ತಿರದ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ನಿಲ್ದಾಣಗಳಲ್ಲಿ ಮೆಟ್ರೊ ರೈಲು ನಿಲ್ಲದೆ ಮುಂದೆ ಹೋಗುವಂತೆ ಮಾಡಬೇಕಾಯಿತು. ಮನೆಯಿಂದ ಹೊರಟಾಗ ಇದ್ದ ದಾರಿ ಮರಳುವಾಗ ಇರಲಿಲ್ಲ.

ಮನೆಯ ಹುಡುಗರು “ಸ್ನೇಹಿತರ ಜೊತೆ ಹೋಗಿ ಬರುತ್ತೇನೆ” ಎಂದಾಗ ನೀವು ಕೇಳಬೇಕಾದ್ದು ಇದನ್ನೇ: ಟಿಕೆಟ್ ಇದೆಯೇ? ಯಾವ ಬಾಗಿಲು? ವಾಪಸಾಗುವುದು ಹೇಗೆ? ಮೂರಕ್ಕೂ ಉತ್ತರವಿಲ್ಲದಿದ್ದರೆ ಟಿವಿಯಲ್ಲಿ ನೋಡುವುದೇ ಒಳ್ಳೆಯದು.

ಮನೆ ಬಿಡುವ ಮುನ್ನ

ದೊಡ್ಡ ಕಾರ್ಯಕ್ರಮವಿದ್ದಾಗ ಯಾವ ರಸ್ತೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ವಾಹನ ಎಲ್ಲಿ ನಿಲ್ಲಿಸಬೇಕು, ಬಸ್ಸು ಎಲ್ಲಿಂದ ಹೊರಡುತ್ತದೆ ಎಂಬುದನ್ನು ಪೊಲೀಸರು ಮುಂಚಿತವಾಗಿ ಪ್ರಕಟಿಸುತ್ತಾರೆ. ಆ ಊರಿನ ಪತ್ರಿಕೆಗಳಲ್ಲಿ ಅದು ಬರುತ್ತದೆ. ಅಲ್ಲಿರುವ ನೆಂಟರಿಗೆ ಒಂದು ಫೋನ್ ಮಾಡಿ ಓದಿ ಹೇಳುವಂತೆ ಕೇಳಿ. ಮೊಬೈಲಿನ ನಕ್ಷೆಯನ್ನಷ್ಟೇ ನೆಚ್ಚಿಕೊಳ್ಳಬೇಡಿ. ಬೆಳಿಗ್ಗೆ ಇಟ್ಟ ಬ್ಯಾರಿಕೇಡ್ ಅದಕ್ಕೆ ಗೊತ್ತಿರಲೇಬೇಕೆಂದಿಲ್ಲ.

ಚಿಕ್ಕ ಮಕ್ಕಳ ಜೇಬಿನಲ್ಲಿ ನಿಮ್ಮ ಹೆಸರು, ಎರಡು ಫೋನ್ ನಂಬರ್ ಬರೆದ ಚೀಟಿ ಇಡಿ. ಹಿರಿಯರ ಕೈಚೀಲದಲ್ಲೂ ಇಡಿ. ಜನಸಂದಣಿಯಲ್ಲಿ ಎಲ್ಲರೂ ಒಮ್ಮೆಲೇ ಫೋನ್ ಬಳಸುವುದರಿಂದ ಕರೆ ಹೋಗುವುದಿಲ್ಲ. ಆದ್ದರಿಂದ “ಬೇರೆಯಾದರೆ ಇಲ್ಲಿ ಸೇರೋಣ” ಎಂದು ಒಂದು ಜಾಗವನ್ನು ಮೊದಲೇ ಗೊತ್ತು ಮಾಡಿ. ಆ ಜಾಗ ಮೆರವಣಿಗೆಯ ದಾರಿಯಿಂದ ದೂರವಿರಲಿ. ಕುಡಿಯುವ ನೀರು, ಒಂದಿಷ್ಟು ರೊಟ್ಟಿ ಅಥವಾ ಬಿಸ್ಕತ್ತು, ಎರಡು ಹೊತ್ತಿನ ಔಷಧಿ ಕೈಯಲ್ಲಿರಲಿ. ಹೀಗಿದ್ದಿದ್ದರೆ ರೈಲು ನಿಲ್ದಾಣದಲ್ಲಿ ಕುಳಿತ ನಿಮ್ಮ ಅತ್ತೆ ಎರಡು ರೊಟ್ಟಿ ತಿಂದು, ಮಾತ್ರೆ ನುಂಗಿ, ನೆಮ್ಮದಿಯಿಂದ ರಾತ್ರಿಯಾಗುವುದನ್ನು ಕಾಯುತ್ತಿದ್ದರು.

ಆಸ್ಪತ್ರೆಯ ದಾರಿ

ಸಂಭ್ರಮ ನೋಡಲು ಹೋಗದವರಿಗೂ ಮುಚ್ಚಿದ ರಸ್ತೆ ಕಷ್ಟ ಕೊಡುತ್ತದೆ. ಉದಯಗಿರಿಯ ಮನೆಯಲ್ಲಿ ತುಂಬು ಗರ್ಭಿಣಿ ಮಗಳಿದ್ದಾಳೆ, ಅವಳ ಹೆಸರು ನೋಂದಾಯಿಸಿರುವುದು ಚೆಲುವಾಂಬದಲ್ಲಿ. ವಿಜಯದಶಮಿಯ ಸಂಜೆ ನೋವು ಕಾಣಿಸಿಕೊಂಡರೆ ಆಸ್ಪತ್ರೆ ಗೆರೆಯ ಆಚೆಗಿದೆ. ದಿನ ತುಂಬಿದವರಿದ್ದರೆ ಒಂದೆರಡು ದಿನ ಮೊದಲೇ ವೈದ್ಯರನ್ನು ಕೇಳಿ: ದಾಖಲಾಗಬೇಕೇ, ಅಥವಾ ಆಸ್ಪತ್ರೆಯ ಬದಿಯಲ್ಲಿರುವ ನೆಂಟರ ಮನೆಯಲ್ಲಿ ಉಳಿಯಬಹುದೇ? ಈ ಬದಿಯಲ್ಲೇ ತುರ್ತಿಗೆ ಹೋಗಬಹುದಾದ ಇನ್ನೊಂದು ಆಸ್ಪತ್ರೆಯನ್ನು ಗೊತ್ತು ಮಾಡಿಟ್ಟುಕೊಳ್ಳಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಸರದಿಯನ್ನು ಹಿಂದಿನ ದಿನಕ್ಕೆ ಬದಲಿಸಲಾಗುತ್ತದೆಯೇ ಎಂದು ವಿಚಾರಿಸಲಿ.

ತುರ್ತು ಬಂದೇಬಿಟ್ಟರೆ ಸ್ವಂತ ಕಾರಿನಲ್ಲಿ ಗಲ್ಲಿ ಗಲ್ಲಿ ಸುತ್ತುವುದಕ್ಕಿಂತ 108ಕ್ಕೆ ಕರೆ ಮಾಡಿ. ಆಂಬುಲೆನ್ಸಿಗೆ ದಾರಿ ಬಿಡಿಸುವುದು ಕಾರಿಗೆ ಬಿಡಿಸುವುದಕ್ಕಿಂತ ಸುಲಭ. ಪೊಲೀಸರ ನೆರವಿಗೆ 112 ಇದೆ. ಬ್ಯಾರಿಕೇಡ್ ಬಳಿ ನಿಂತಿರುವ ಪೇದೆಯೊಂದಿಗೆ ವಾದಕ್ಕಿಳಿಯಬೇಡಿ. “ಹೆರಿಗೆ ನೋವು, ಇಂಥ ಆಸ್ಪತ್ರೆಗೆ ಹೋಗಬೇಕು” ಎಂದು ಎರಡೇ ಮಾತಿನಲ್ಲಿ ಹೇಳಿ, ಆಸ್ಪತ್ರೆಯ ಚೀಟಿ ತೋರಿಸಿ.

ಗುಂಪು ಬಿಗಿಯಾದಾಗ

ಕಾಲ್ತುಳಿತ ಎನ್ನುತ್ತೇವೆ, ಆದರೆ ಇಂಥ ದುರಂತಗಳಲ್ಲಿ ಹೆಚ್ಚಿನವರು ಸಾಯುವುದು ಕಾಲಡಿಗೆ ಸಿಕ್ಕಿ ಅಲ್ಲ, ಉಸಿರು ಕಟ್ಟಿ. ಎಲ್ಲ ಕಡೆಯಿಂದ ಒತ್ತಿದಾಗ ಎದೆ ಹಿಗ್ಗಲು ಜಾಗವೇ ಇರುವುದಿಲ್ಲ. ಒಂದು ಚದರ ಮೀಟರಿನಲ್ಲಿ ಐದಾರು ಜನ ನಿಲ್ಲುವಷ್ಟು ಬಿಗಿಯಾದರೆ ಅಪಾಯ ಶುರುವಾಯಿತೆಂದೇ ತಿಳಿಯಿರಿ. ಅಕ್ಕಪಕ್ಕದವರ ಭುಜ ನಿಮ್ಮ ಎರಡೂ ಭುಜಕ್ಕೆ ತಾಗುತ್ತಿದೆ, ಕೈ ಎತ್ತಿ ಮುಖ ಮುಟ್ಟಲು ಕಷ್ಟ ಎನ್ನಿಸಿದ ಕೂಡಲೇ ಹೊರಬನ್ನಿ. ಮುಂದೇನಾಗುತ್ತದೆ ನೋಡೋಣ ಎಂದು ನಿಲ್ಲಬೇಡಿ.

ಗುಂಪಿನ ವಿರುದ್ಧ ನಡೆಯಬೇಡಿ. ಅದರ ಜೊತೆಗೇ ಸಾಗುತ್ತಾ, ಸಡಿಲವಾದಾಗಲೆಲ್ಲ ಓರೆಯಾಗಿ ಅಂಚಿಗೆ ಸರಿಯಿರಿ. ಎರಡೂ ಕೈಗಳನ್ನು ಮಡಚಿ ಎದೆಯ ಮುಂದಿಡಿ, ಉಸಿರಾಡಲು ಒಂದಿಷ್ಟು ಜಾಗ ಉಳಿಯುತ್ತದೆ. ಚಪ್ಪಲಿ, ಫೋನು ಬಿದ್ದರೆ ಬಗ್ಗಬೇಡಿ, ಹೋದರೆ ಹೋಗಲಿ. ಸೀರೆಯ ಸೆರಗು, ದುಪ್ಪಟ್ಟಾ, ಬುರ್ಖಾದ ಅಂಚು ಇನ್ನೊಬ್ಬರ ಕಾಲಿಗೆ ಸಿಗದಂತೆ ಮೊದಲೇ ಸರಿಪಡಿಸಿಕೊಳ್ಳಿ. ಹಿಮ್ಮಡಿ ಎತ್ತರದ ಚಪ್ಪಲಿ ಆ ದಿನಕ್ಕೆ ಬೇಡ. ಕಾರ್ಯಕ್ರಮ ಮುಗಿದ ಕೂಡಲೇ ಎಲ್ಲರೊಂದಿಗೆ ಏಳದೆ ಅರ್ಧ ಗಂಟೆ ಕುಳಿತು ಹೊರಡಿ. ಬನ್ನಿಮಂಟಪದಲ್ಲಿ ರಾತ್ರಿ ಪಂಜಿನ ಕವಾಯತು ಮುಗಿದಾಗ ಈ ಅರ್ಧ ಗಂಟೆಯ ಬೆಲೆ ಗೊತ್ತಾಗುತ್ತದೆ.

ಹಜ್ಜಿಗೆ ಹೋಗಿ ಬಂದವರಿಗೆ ಈ ಪಾಠ ಹೊಸದಲ್ಲ. 2006ರ ಜನವರಿಯಲ್ಲಿ ಮಿನಾದ ಜಮರಾತ್ ಸೇತುವೆಯ ಬಳಿ 346 ಯಾತ್ರಿಕರು ಮೃತಪಟ್ಟರು. ಆ ಬಳಿಕ ಹಳೆಯ ಸೇತುವೆಯನ್ನು ಕೆಡವಿ, ಬರುವವರಿಗೂ ಹೋಗುವವರಿಗೂ ಬೇರೆ ಬೇರೆ ದಾರಿಯಿರುವ ಬಹುಮಹಡಿ ಸೇತುವೆ ಕಟ್ಟಲಾಯಿತು. ಸೇತುವೆ ಸುರಕ್ಷಿತವಾಯಿತು. ಆದರೆ 2015ರ ಸೆಪ್ಟೆಂಬರಿನಲ್ಲಿ ಮಿನಾದ್ದೇ ಒಂದು ಬೀದಿಯಲ್ಲಿ ಎರಡು ಗುಂಪುಗಳು ಕೂಡಿಕೊಂಡು ಮತ್ತೆ ದುರಂತವಾಯಿತು. ಸೌದಿ ಸರಕಾರದ ಲೆಕ್ಕದಲ್ಲೇ 769 ಸಾವು. ನಮ್ಮ ತಂಡಕ್ಕೆ ಗೊತ್ತುಪಡಿಸಿದ ಹೊತ್ತನ್ನೂ ದಾರಿಯನ್ನೂ ಬಿಟ್ಟು ಹೋಗಬಾರದೆಂದು ಹಜ್ ತರಬೇತಿಯಲ್ಲಿ ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ.

ರಸ್ತೆ ಮುಚ್ಚುವವರು ನಾವಾದಾಗ

ಕೊನೆಯದಾಗಿ ಒಂದು ಮಾತು. ರಸ್ತೆ ಮುಚ್ಚುವುದು ಸದಾ ಬೇರೆಯವರೇ ಅಲ್ಲ. ಮೀಲಾದ್ ಮೆರವಣಿಗೆ ನಮ್ಮದು. ಓಣಿಗೆ ಅಡ್ಡಲಾಗಿ ಶಾಮಿಯಾನ ಹಾಕಿ ಮಾಡುವ ಮದುವೆ ನಮ್ಮದು. ಆ ಹೊತ್ತಿನಲ್ಲಿ ಯಾರದೋ ಮನೆಯ ಗರ್ಭಿಣಿ, ಯಾರದೋ ಅತ್ತೆ ಗೆರೆಯ ಆಚೆ ಬದಿಯಲ್ಲಿ ನಿಂತಿರುತ್ತಾರೆ. ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ಪುಣ್ಯದ ಕೆಲಸವೆಂದು ಕಲಿತವರು ನಾವು. ಹಾಗಿರುವಾಗ ನಮ್ಮ ಸಂಭ್ರಮವೇ ಇನ್ನೊಬ್ಬರ ದಾರಿಯ ಮುಳ್ಳಾಗಬಾರದಲ್ಲವೇ? ಶಾಮಿಯಾನದ ಒಂದು ಬದಿಯಲ್ಲಿ ಆಂಬುಲೆನ್ಸ್ ಹೋಗುವಷ್ಟು ಜಾಗ ಬಿಡಿ. ಮೆರವಣಿಗೆಯ ಹೊತ್ತನ್ನು ಅಕ್ಕಪಕ್ಕದ ಮನೆಗಳಿಗೆ, ಆಸ್ಪತ್ರೆಗೆ ಮೊದಲೇ ತಿಳಿಸಿ. ದಾರಿ ಬಿಡಿಸಲೆಂದೇ ನಾಲ್ಕು ಹುಡುಗರನ್ನು ನಿಲ್ಲಿಸಿ.

ಮುಂದಿನ ದಸರಾ ರಜೆಗೆ ಟಿಕೆಟ್ ಮಾಡಿಸುವ ಮುನ್ನ ಮಕ್ಕಳನ್ನು ಕೂರಿಸಿಕೊಂಡು ಕಾಗದದ ಮೇಲೆ ಆ ಗೆರೆ ಎಳೆಯಿರಿ. ಮಳೆ ಬರುವ ಮುನ್ನ ಅಕ್ಕಿ ತಂದಿಡುವಷ್ಟೇ ಸುಲಭದ ಕೆಲಸ ಅದು.